ಹಳೆಯ ಡೀಸೆಲ್ ಲ್ಯಾಂಡ್ ಕ್ರೂಸರ್‌ಗೆ ಕ್ರೂಸ್ ಕಂಟ್ರೋಲ್: ಒಂಬತ್ತು ವಾರಗಳ ದಿನಚರಿ

ಹದಿನೈದು ದಿನಕ್ಕೊಮ್ಮೆ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಪೋರ್ಟ್ ಆಗಸ್ಟಾಕ್ಕೆ ಕೆಲಸದ ಮೇಲೆ ಹೋಗಿ ಬರುತ್ತೇನೆ. ಒಂದು ದಿಕ್ಕಿಗೆ ಮುನ್ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಪೋರ್ಟ್ ವೇಕ್‌ಫೀಲ್ಡ್‌ವರೆಗೆ ರಸ್ತೆ ಅಂಗೈಯಂತೆ ಸಮತಟ್ಟು, ಮೇಲಿನ ಮಿತಿ ಗಂಟೆಗೆ 110. ಗಾಡಿ 1996ರ ಟೊಯೋಟಾ ಲ್ಯಾಂಡ್ ಕ್ರೂಸರ್ 80. ಟರ್ಬೊ ಇಲ್ಲದ 4.2 ಲೀಟರಿನ ಆರು ಸಿಲಿಂಡರ್ ಡೀಸೆಲ್ ಎಂಜಿನ್, ಐದು ಗೇರ್, ಮ್ಯಾನುಯಲ್. ನನ್ನ ಗಾಡಿಗೆ ಕ್ರೂಸ್ ಕಂಟ್ರೋಲ್, ಅಂದರೆ ಪೆಡಲ್ ತುಳಿಯದೆಯೇ ಒಂದೇ ವೇಗ ಹಿಡಿದಿಡುವ ಸಾಧನ, ಇರಲಿಲ್ಲ. ಮೂರೂವರೆ ಗಂಟೆ ಬಲಗಾಲನ್ನು ಒಂದೇ ಕೋನದಲ್ಲಿ ಹಿಡಿದು ಹಿಡಿದು ಮಂಡಿ ನೋಯತೊಡಗಿದಾಗ, ಹಳೆಯ ವ್ಯಾಕ್ಯೂಮ್ (ನಿರ್ವಾತದ ಎಳೆತದಿಂದ ನಡೆಯುವ) ಮಾದರಿಯ ಕಿಟ್ ಒಂದನ್ನು 180 ಡಾಲರಿಗೆ ಕೊಂಡೆ. ಯಾರದೋ ಗಾಡಿಯಿಂದ ಬಿಚ್ಚಿದ್ದು. ಕೈಪಿಡಿಯಲ್ಲಿ ಅರ್ಧ ಪುಟಗಳಿರಲಿಲ್ಲ.

ಎರಡು ವಾರಾಂತ್ಯದ ಕೆಲಸ ಎಂದು ಲೆಕ್ಕ ಹಾಕಿದ್ದೆ, ಒಂಬತ್ತು ವಾರ ಹಿಡಿಯಿತು. ಅದರಲ್ಲಿ ಮೂರು ವಾರ ಪೂರ್ತಿ ತಪ್ಪು ಜಾಗದಲ್ಲಿ ಹುಡುಕಾಡಿದ್ದು. ಆ ಮೂರು ವಾರಗಳ ವಿಷಯವನ್ನೇ ಹೆಚ್ಚು ಬರೆಯುತ್ತೇನೆ.

ಮಾರ್ಚ್ 8, ಶನಿವಾರ. ಮೊದಲು ನಿಜವಾದ ವೇಗ

ಕಿಟ್ ಮುಟ್ಟುವ ಮೊದಲು ಸ್ಪೀಡೋಮೀಟರ್ ಎಷ್ಟು ನಿಜ ಹೇಳುತ್ತದೆ ಎಂದು ನೋಡಿದೆ. ಗಾಡಿಗೆ ಮೂಲದಲ್ಲಿ ಇದ್ದದ್ದು 275/70 ಆರ್16 ಟೈರು, ವ್ಯಾಸ 791 ಮಿಲಿಮೀಟರ್. ಈಗ ಇರುವುದು 285/75 ಆರ್16, ವ್ಯಾಸ 834. ಚಕ್ರ ಒಂದು ಸುತ್ತಿಗೆ ಶೇಕಡ 5.4ರಷ್ಟು ಹೆಚ್ಚು ದೂರ ಹೋಗುತ್ತದೆ, ಆದರೆ ಸ್ಪೀಡೋಮೀಟರಿಗೆ ಆ ವಿಷಯ ಗೊತ್ತಿಲ್ಲ.

ಹೆದ್ದಾರಿಯ ಬದಿಯಲ್ಲಿ ಐದು ಕಿಲೋಮೀಟರಿಗೊಂದು ಹಸಿರು ಫಲಕ ಇದೆ. ಮುಳ್ಳನ್ನು 100ರ ಮೇಲೆ ಹಿಡಿದು, ಪಕ್ಕದಲ್ಲಿ ಕುಳಿತ ಹೆಂಡತಿಯ ಕೈಗೆ ಸ್ಟಾಪ್‌ವಾಚ್ ಕೊಟ್ಟು ಓಡಿಸಿದೆ. ನಿಜವಾಗಿ 100 ಇದ್ದರೆ ಸರಿಯಾಗಿ ಮೂರು ನಿಮಿಷ ಬೇಕು. ನಮಗೆ ಹಿಡಿದದ್ದು 2 ನಿಮಿಷ 53 ಸೆಕೆಂಡ್. ಅಂದರೆ 104. ಹಿಂತಿರುಗುವಾಗ ಅದೇ ಐದು ಕಿಲೋಮೀಟರು, ಮತ್ತೆ 2 ನಿಮಿಷ 53. ಮೊಬೈಲಿನ ಜಿಪಿಎಸ್ ಕೂಡ 104 ಎಂದೇ ತೋರಿಸಿತು.

ಇದರ ಅರ್ಥ ನನಗೆ ತಟ್ಟಿದ್ದು ಮನೆಗೆ ಬಂದ ಮೇಲೆ. ಟೈರು ಹಾಕಿಸಿ ಎರಡು ವರ್ಷವಾಗಿತ್ತು. ಮುಳ್ಳು 110 ತೋರಿಸುವಾಗ ನಾನು 114ರಲ್ಲಿ ಹೋಗುತ್ತಿದ್ದೆ. ಆಸ್ಟ್ರೇಲಿಯಾದಲ್ಲಿ 2006ರ ಜುಲೈ ನಂತರ ಬಂದ ಹೊಸ ಮಾದರಿಗಳ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಅದಕ್ಕೂ ಹಿಂದಿನ ನಿಯಮದಲ್ಲಿ ಆಚೆ ಈಚೆ ಶೇಕಡ 10ರ ಸಡಿಲ ಇತ್ತು. ಹಾಗಾಗಿ ಹಳೆಯ ಗಾಡಿಯ ಮುಳ್ಳನ್ನು ನಂಬಿ ಕ್ರೂಸ್ ಒತ್ತುವುದು ಸರಿಯಲ್ಲ. 45 ಡಾಲರಿನ ಚಿಕ್ಕ ಜಿಪಿಎಸ್ ವೇಗಸೂಚಿಯೊಂದನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ನಿಜವಾದ 110 ಬೇಕಾದರೆ ಮುಳ್ಳು 106ರ ಹತ್ತಿರ ಇರಬೇಕು. 100 ಬೇಕಾದರೆ 96.

ಇಲ್ಲಿ ಒಂದು ಮಾತು. ವೇಗ ಸರಿಯಾಗಿ ಓದುವುದು ಬೇರೆ, ವೇಗ ಬಿಡದೆ ಹಿಡಿಯುವುದು ಬೇರೆ. ಕ್ರೂಸ್ ಕಿಟ್ ಸ್ಪೀಡೋಮೀಟರಿನ ಅಂಕಿಯನ್ನು ನೋಡುವುದೇ ಇಲ್ಲ. ಗುಂಡಿ ಒತ್ತಿದ ಕ್ಷಣದಲ್ಲಿ ತಿರುಗುವ ಶಾಫ್ಟಿನ ಸಂವೇದಕದಿಂದ ಎಷ್ಟು ಮಿಡಿತ ಬರುತ್ತಿತ್ತೋ ಅಷ್ಟನ್ನೇ ಉಳಿಸಿಕೊಳ್ಳಲು ಹೆಣಗುತ್ತದೆ. ಎರಡನ್ನೂ ಒಂದೇ ಕಾಯಿಲೆ ಎಂದುಕೊಂಡರೆ ಮದ್ದು ತಪ್ಪುತ್ತದೆ.

ಮಾರ್ಚ್ 15 ಮತ್ತು 16. ಜೋಡಣೆ

ಬೇಕಾದ ಉಪಕರಣ: 8, 10, 12ರ ಸ್ಪ್ಯಾನರ್‌ಗಳು, ಡ್ರಿಲ್, ಮಲ್ಟಿಮೀಟರ್, ವೈರು ಕತ್ತರಿಸಿ ಕ್ರಿಂಪ್ ಮಾಡುವ ಇಕ್ಕಳ, ಅಳತೆ ಟೇಪು, ಸೀಮೆಸುಣ್ಣ.

ಪೆಟ್ರೋಲ್ ಎಂಜಿನ್ನಿನಲ್ಲಿ ಒಳಗೆ ಗಾಳಿ ಒಯ್ಯುವ ಕೊಳವೆಯಿಂದಲೇ (ಇನ್‌ಟೇಕ್ ಮ್ಯಾನಿಫೋಲ್ಡ್) ವ್ಯಾಕ್ಯೂಮ್ ಸಿಗುತ್ತದೆ. ಈ ಡೀಸೆಲ್ಲಿನಲ್ಲಿ ಗಾಳಿಯ ದಾರಿಗೆ ಅಡ್ಡ ಕವಾಟವಿಲ್ಲ, ಆದ್ದರಿಂದ ಅಲ್ಲಿ ವ್ಯಾಕ್ಯೂಮೂ ಇಲ್ಲ. ಬ್ರೇಕ್ ಒತ್ತುವ ಕಾಲಿಗೆ ಬಲ ಕೂಡಿಸುವ ಬೂಸ್ಟರಿಗಾಗಿ ಎಂಜಿನ್ ಓಡಿಸುವ ಬೇರೆ ಪಂಪು ಇದೆ. ಆ ಪಂಪಿನಿಂದ ಬೂಸ್ಟರಿಗೆ ಹೋಗುವ ಹೋಸ್ ಕತ್ತರಿಸಿ, ಟಿ ಆಕಾರದ ಜೋಡಣೆ ಹಾಕಿ, ಕ್ರೂಸಿನ ಆಕ್ಚುಯೇಟರಿಗೆ (ವ್ಯಾಕ್ಯೂಮಿನ ಬಲದಿಂದ ಕೇಬಲ್ ಎಳೆಯುವ ಭಾಗ) ಒಂದು ಕವಲು ತೆಗೆದೆ. ಇದರಲ್ಲಿ ಒಂದು ಗಂಭೀರ ತಪ್ಪು ಮಾಡಿದ್ದೆ. ಅದು ಗೊತ್ತಾದದ್ದು ಮೇ ತಿಂಗಳಲ್ಲಿ.

ಆಕ್ಚುಯೇಟರನ್ನು ಬ್ಯಾಟರಿ ಪಕ್ಕದ ಖಾಲಿ ಜಾಗದಲ್ಲಿ 3 ಮಿಮೀ ಕಬ್ಬಿಣದ ಪಟ್ಟಿಯ ಮೇಲೆ ಕೂರಿಸಿದೆ. ಅದರ ಕೇಬಲನ್ನು ಆಕ್ಸಿಲರೇಟರ್ ಪೆಡಲಿನ ತೋಳಿಗೆ ಕಟ್ಟಿದೆ. ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪಿನ ಬಳಿ ಕೈ ಹೋಗುವುದು ಕಷ್ಟ, ಪೆಡಲಿನ ಬಳಿ ಸುಲಭ. ಸುಲಭ ಎಂಬ ಒಂದೇ ಕಾರಣಕ್ಕೆ ಆ ಜಾಗ ಆರಿಸಿದ್ದು ಎರಡನೆಯ ತಪ್ಪು.

ಮಾರ್ಚ್ 22. ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ

ದೀಪ ಹತ್ತುತ್ತದೆ, ಆದರೆ ವೇಗ ಹಿಡಿಯುವುದಿಲ್ಲ. ಪೂರ್ತಿ ಶನಿವಾರ ಮಧ್ಯಾಹ್ನ ವೈರು ವೈರು ಹುಡುಕಿದೆ. ಕೊನೆಗೆ ಸಿಕ್ಕಿದ್ದು ಹಿಂದಿನ ಬ್ರೇಕ್ ದೀಪಗಳಲ್ಲಿ. ಹೋದ ವರ್ಷ ಅವನ್ನು ಎಲ್‌ಇಡಿಗೆ ಬದಲಿಸಿದ್ದೆ. ಈ ಕಿಟ್ ಬ್ರೇಕ್ ದೀಪದ ವೈರಿಗೆ ಸಿಕ್ಕಿಸಿಕೊಂಡಿರುತ್ತದೆ. ಬ್ರೇಕ್ ಒತ್ತದಿರುವಾಗ ಹಳೆಯ 21 ವ್ಯಾಟ್ ಬಲ್ಬಿನ ತಂತಿಯ ಮೂಲಕ ಅದಕ್ಕೆ ಅರ್ತ್ ಸಿಗಬೇಕು. ಎಲ್‌ಇಡಿಯಲ್ಲಿ ಆ ದಾರಿ ಇಲ್ಲ. ಅರ್ತ್ ಸಿಗದಿದ್ದಾಗ ಕಿಟ್ ಕೆಲಸ ಮಾಡಲು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಪರಿಹಾರ: ಐದು ಕಾಲಿನ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಹೋಲ್ಡರ್ ಸೇರಿ 11 ಡಾಲರ್. 30ನೇ ಕಾಲು ಕಿಟ್ಟಿಗೆ, 87ಎ ಅರ್ತಿಗೆ, 87 ಫ್ಯೂಸ್ ಇರುವ 12 ವೋಲ್ಟಿಗೆ, ಕಾಯಿಲ್ಲಿನ ಒಂದು ತುದಿ ಬ್ರೇಕ್ ದೀಪದ ವೈರಿಗೆ, ಇನ್ನೊಂದು ಅರ್ತಿಗೆ. ಆದರೆ ರಿಲೇ ಒಂದನ್ನೇ ನಂಬಿ ಬಿಡಬೇಡಿ. ಅದು ಅಂಟಿಕೊಂಡರೆ ಬ್ರೇಕ್ ಒತ್ತಿದರೂ ಕ್ರೂಸ್ ಬಿಡದೇ ಹೋಗಬಹುದು. ಪೆಡಲಿಗೆ ಎರಡನೆಯ ಸ್ವಿಚ್ ಹಾಕಿ, ಒತ್ತಿದೊಡನೆ ಆಕ್ಚುಯೇಟರಿನ ಕರೆಂಟೇ ಕಡಿಯುವಂತೆ ಮಾಡಿದ್ದೇನೆ. ಕಿಟ್ಟಿನ ಪೆಟ್ಟಿಗೆಯಲ್ಲೇ ಆ ಸ್ವಿಚ್ ಇತ್ತು. ಹಿಂದಿನವರು ಅದನ್ನು ಬಳಸಿರಲಿಲ್ಲ.

ಮಾರ್ಚ್ 29. ಅಯಸ್ಕಾಂತಗಳು

ವೇಗದ ಮಿಡಿತ ಬರುವುದು ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಕಟ್ಟಿದ ಅಯಸ್ಕಾಂತದಿಂದ. ಮೊದಲು ಒಂದೇ ಅಯಸ್ಕಾಂತವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಶಾಫ್ಟಿನ ನಡುಭಾಗಕ್ಕೆ ಕಟ್ಟಿದ್ದೆ. 80 ದಾಟಿದ ಮೇಲೆ ನೆಲದಲ್ಲಿ ನಡುಕ. ಮೂವತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಪಟ್ಟಿ ಹರಿದು ಅಯಸ್ಕಾಂತ ಎಲ್ಲೋ ಹಾರಿಹೋಯಿತು. ಹಿಂದೆ ಬೈಕಿನವರು ಯಾರೂ ಇರಲಿಲ್ಲ ಎಂಬುದು ಅದೃಷ್ಟ. ಈ ಕೆಲಸದಲ್ಲಿ ಪ್ಲಾಸ್ಟಿಕ್ ಪಟ್ಟಿ ಬಳಸಲೇಬಾರದು.

ಎರಡನೆಯ ಸಲ ಎರಡು ಅಯಸ್ಕಾಂತಗಳನ್ನು ಎದುರುಬದುರಾಗಿ ಇಟ್ಟು ಸ್ಟೇನ್‌ಲೆಸ್ ಸ್ಟೀಲಿನ ಹೋಸ್ ಕ್ಲಿಪ್ಪುಗಳಿಂದ ಬಿಗಿದೆ. ಕ್ಲಿಪ್ಪಿನ ತಿರುಪುಗಳೂ ಎದುರುಬದುರಾಗಿರಲಿ, ಇಲ್ಲವಾದರೆ ತೂಕ ಒಂದು ಕಡೆ ವಾಲುತ್ತದೆ. ನಡುಕ ನಿಂತಿತು. ಆದರೆ ರಸ್ತೆಯ ಪ್ರತಿ ಉಬ್ಬಿಗೂ ಕ್ರೂಸ್ ಕಡಿದುಕೊಳ್ಳತೊಡಗಿತು. ಹಿಂದಿನ ಆಕ್ಸಲ್ ಏರಿಳಿದಂತೆ ಶಾಫ್ಟಿನ ನಡುಭಾಗವೂ ಏರಿಳಿಯುತ್ತದೆ, ಅಯಸ್ಕಾಂತ ಸಂವೇದಕದಿಂದ ದೂರ ಸರಿಯುತ್ತದೆ. ಶಾಫ್ಟ್ ಹೊರಡುವ ತುದಿಯಲ್ಲಿ, ಗೇರ್‌ಬಾಕ್ಸಿಗೆ ಹೊಂದಿದ ಟ್ರಾನ್ಸ್‌ಫರ್ ಕೇಸಿನ ಪಕ್ಕ, ಅದು ಹೆಚ್ಚು ಅಲುಗಾಡುವುದಿಲ್ಲ. ಎಲ್ಲವನ್ನೂ ಅಲ್ಲಿಗೆ ಸರಿಸಿ, ಅಂತರ 8 ಮಿಮೀ ಇಟ್ಟೆ. ಅದರ ನಂತರ ಒಂದು ಸಲವೂ ಕಡಿದಿಲ್ಲ.

ಮಿಡಿತದ ಎಣಿಕೆ: ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಗಾಡಿಯನ್ನು ತಳ್ಳಿ ಅಳೆದಾಗ ಒಂದು ಸುತ್ತಿಗೆ 2.54 ಮೀಟರ್. ಚಕ್ರ ಹತ್ತು ಸುತ್ತಿದರೆ ಶಾಫ್ಟ್ ನಲವತ್ತೊಂದು ಸುತ್ತು ದಾಟುತ್ತದೆ. ಎರಡು ಅಯಸ್ಕಾಂತಕ್ಕೆ ಕಿಲೋಮೀಟರಿಗೆ ಸುಮಾರು 3,230 ಮಿಡಿತ. ಕಿಟ್ಟಿನ ಚಿಕ್ಕ ಸ್ವಿಚ್ಚುಗಳನ್ನು ಅದಕ್ಕೆ ಹತ್ತಿರದ ಅಂಕಿಗೆ ಇಟ್ಟೆ.

ಏಪ್ರಿಲ್ 5ರಿಂದ 25. ಕಳೆದುಹೋದ ಮೂರು ವಾರ

ಈಗ ಕ್ರೂಸ್ ಹಿಡಿಯುತ್ತಿತ್ತು, ಆದರೆ ಜೋಕಾಲಿಯಂತೆ. 100ಕ್ಕೆ ಇಟ್ಟರೆ ಜಿಪಿಎಸ್‌ನಲ್ಲಿ 94ಕ್ಕೆ ಇಳಿದು, ತಟ್ಟನೆ ಎಳೆದು 106ಕ್ಕೆ ಏರಿ, ಮತ್ತೆ ಇಳಿಯುವುದು. ಮತ್ತೆ ಮತ್ತೆ ಹೀಗೆ. ಪ್ರತಿ ಎಳೆತಕ್ಕೂ ಕನ್ನಡಿಯಲ್ಲಿ ಕಪ್ಪು ಹೊಗೆ ಕಾಣುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಮಗಳಿಗೆ ಲೋಚಿಯಲ್ ತಲುಪುವ ಮೊದಲೇ ವಾಂತಿ ಬಂತು.

ಕಿಟ್ಟಿನಲ್ಲಿ ಪ್ರತಿಕ್ರಿಯೆಯ ತೀವ್ರತೆಗೆ ಮೂರು ಹಂತಗಳಿವೆ. ನಾನು ಅದನ್ನೇ ಹಿಡಿದು ಕುಳಿತೆ. ಬರೆದಿಟ್ಟ ಅಂಕಿಗಳು ಹೀಗಿವೆ. ತೀವ್ರ ಹಂತ: 94ರಿಂದ 106. ಮಧ್ಯಮ: 95ರಿಂದ 104. ಮಂದ: 92ರಿಂದ 107, ತೂಗಾಟ ನಿಧಾನ, ಆದರೆ ಇನ್ನೂ ದೊಡ್ಡದು. ಮಿಡಿತದ ಸ್ವಿಚ್ಚುಗಳನ್ನು ಬದಲಿಸಿದೆ. ಅರ್ತ್ ವೈರನ್ನು ಬೇರೆ ಕಡೆ ಬಿಗಿದೆ. ಪೆಟ್ರೋಲ್ ಗಾಡಿಯವರೊಬ್ಬರು ವ್ಯಾಕ್ಯೂಮ್ ಸಂಗ್ರಹದ ಡಬ್ಬಿ ಹಾಕಿಸಿ ಎಂದರು. ಗುಜರಿಯಿಂದ 25 ಡಾಲರಿಗೆ ತಂದು ಹಾಕಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಏರಿನಲ್ಲಿ ಪೆಡಲ್ ತುಳಿದಾಗ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಕುಸಿಯುವುದು ಪೆಟ್ರೋಲಿನಲ್ಲಿ. ನಮ್ಮ ಪಂಪು ಎಂಜಿನ್ ತಿರುಗುವಷ್ಟು ಹೊತ್ತೂ ಎಳೆಯುತ್ತಲೇ ಇರುತ್ತದೆ. ಆ ಡಬ್ಬಿಯ ಅಗತ್ಯವೇ ಇರಲಿಲ್ಲ.

ಮೂರೂ ಹಂತಗಳಲ್ಲಿ ತೂಗಾಟ ಉಳಿದಾಗಲೇ ನಾನು ನಿಲ್ಲಿಸಬೇಕಿತ್ತು. ಸ್ವಿಚ್ಚು ಬದಲಿಸಿದರೂ ಕಾಯಿಲೆ ಬದಲಾಗದಿದ್ದರೆ ಕಾಯಿಲೆ ಸ್ವಿಚ್ಚಿನಲ್ಲಿ ಇಲ್ಲ.

ಏಪ್ರಿಲ್ 26. ಚಿಕ್ಕಪ್ಪನ ಕರೆ

ದಾವಣಗೆರೆಯಲ್ಲಿರುವ ಚಿಕ್ಕಪ್ಪ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಹಬ್ಬದ ಲೋಕಾಭಿರಾಮಕ್ಕೆ ಮಾಡಿದ ವಿಡಿಯೊ ಕರೆ ಬಾನೆಟ್ಟಿನ ಒಳಗೆ ಹೋಗಿ ಮುಗಿಯಿತು.

“ಕ್ರೂಸಿನ ಮಾತು ಬಿಡಪ್ಪಾ, ನನಗೆ ಅದು ಗೊತ್ತಿಲ್ಲ,” ಎಂದರು. “ಎಂಜಿನ್ ಆರಿಸಿ ಪೆಡಲನ್ನು ಕೈಯಲ್ಲಿ ಮೆಲ್ಲಗೆ ಒತ್ತು. ಕ್ಯಾಮೆರಾ ಡೀಸೆಲ್ ಪಂಪಿನ ಲಿವರ್ ಕಡೆ ಹಿಡಿ.”

ಹೆಂಡತಿ ಪೆಡಲ್ ಒತ್ತಿದಳು, ನಾನು ಮೊಬೈಲ್ ಹಿಡಿದೆ.

“ಒತ್ತಿದ್ದಾಳೆಯೇ?”

“ಒತ್ತುತ್ತಿದ್ದಾಳೆ ಚಿಕ್ಕಪ್ಪ.”

“ಲಿವರ್ ಅಲುಗಾಡಲೇ ಇಲ್ಲವಲ್ಲೋ. ನಿನ್ನ ಯಂತ್ರ ಎಳೆದಾಗ ಎಂಜಿನ್ನಿಗೆ ಸುದ್ದಿ ಮುಟ್ಟುವುದೇ ತಡ. ಸುದ್ದಿ ಮುಟ್ಟಿಲ್ಲ ಎಂದು ಅದು ಇನ್ನೂ ಎಳೆಯುತ್ತದೆ. ಆಮೇಲೆ ಎರಡೂ ಎಳೆತ ಒಟ್ಟಿಗೆ ಬಂದು ಬೀಳುತ್ತವೆ. ಮೊದಲು ಸಡಿಲು ತೆಗೆಯಪ್ಪಾ.”

ಟೇಪಿನಲ್ಲಿ ಅಳೆದೆ. ಪೆಡಲಿನ ತುದಿ 7 ಮಿಮೀ ಸರಿದ ಮೇಲೆ ಪಂಪಿನ ಲಿವರ್ ಹೊರಡುತ್ತಿತ್ತು. ಪೆಡಲಿನ ತೋಳಿನ ಪ್ಲಾಸ್ಟಿಕ್ ಬುಷ್ ಸವೆದು ಮೊಟ್ಟೆಯಾಕಾರವಾಗಿತ್ತು. ಸುಮಾರು ಮೂವತ್ತು ವರ್ಷದ ಗಾಡಿಗೆ ಇದು ಸಹಜ. ಕಾಲಿನಿಂದ ಓಡಿಸುವಾಗ ನಮ್ಮ ಪಾದ ಈ ಸಡಿಲನ್ನು ಕಲಿತು ಸರಿದೂಗಿಸುತ್ತದೆ, ಅದಕ್ಕೇ ನನಗೆ ಎಂದೂ ಗೊತ್ತಾಗಿರಲಿಲ್ಲ. ಕಿಟ್ಟಿಗೆ ಆ ಕಲಿಕೆ ಇಲ್ಲ. ಹೊಸ ಬುಷ್ 6 ಡಾಲರ್.

ಬುಷ್ ಹಾಕಿದ್ದಲ್ಲದೆ ಕ್ರೂಸಿನ ಕೇಬಲನ್ನು ಪೆಡಲಿನಿಂದ ಬಿಚ್ಚಿ ನೇರವಾಗಿ ಪಂಪಿನ ಲಿವರಿಗೇ ತಂದೆ. ಮೊದಲು ಲಿವರಿನ ಹೊರತುದಿಗೆ, ಅಕ್ಷದಿಂದ 60 ಮಿಮೀ ದೂರದಲ್ಲಿ ಕಟ್ಟಿದೆ. ಅಲ್ಲಿ ಲಿವರ್ ಪೂರ್ತಿ ತಿರುಗಲು 46 ಮಿಮೀ ಎಳೆಯಬೇಕು. ಆಕ್ಚುಯೇಟರ್ ಎಳೆಯುವುದು 38 ಮಾತ್ರ. ಸಮತಟ್ಟಿನಲ್ಲಿ ಸರಿಯಿತ್ತು, ಏರಿನಲ್ಲಿ ಕೈಚೆಲ್ಲಿತು. 3 ಮಿಮೀ ತಗಡಿನಿಂದ ಚಿಕ್ಕ ತೋಳು ಮಾಡಿ ಅಕ್ಷದಿಂದ 44 ಮಿಮೀಗೆ ಹೊಸ ತೂತು ಕೊರೆದೆ. ಈಗ 34 ಮಿಮೀ ಸಾಕು. ಕೇಬಲಿನಲ್ಲಿ 2 ಮಿಮೀ ಸಡಿಲು ಬಿಟ್ಟಿದ್ದೇನೆ. ಪೂರ್ತಿ ಬಿಗಿದಾಗ ಐಡ್ಲಿಂಗ್ ಏರುತ್ತಿತ್ತು.

ಎಂಜಿನ್ ಆರಿಸಿಯೇ ಇಪ್ಪತ್ತು ಸಲ ಲಿವರನ್ನು ಪೂರ್ತಿ ಎಳೆದು ಬಿಟ್ಟು ನೋಡಿದೆ. ಪ್ರತಿ ಸಲವೂ ಅದು ಐಡ್ಲಿಂಗ್ ತಿರುಪಿಗೆ ಬಂದು ಬಡಿಯಬೇಕು. ಹದಿಮೂರನೆಯ ಸಲ ಕೇಬಲಿನ ತುದಿಯ ಮಣಿ ತಗಡಿನ ಅಂಚಿಗೆ ಸಿಕ್ಕಿಕೊಂಡಿತು. ರಸ್ತೆಯಲ್ಲಿ ಹೀಗಾಗಿದ್ದರೆ ಎಂಜಿನ್ ಬಿಡದೆ ಓಡುತ್ತಿತ್ತು. ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ಮೊದಲಿನಿಂದ ಮತ್ತೆ ಇಪ್ಪತ್ತು ಎಣಿಸಿದೆ. ಮೂಲದ ರಿಟರ್ನ್ ಸ್ಪ್ರಿಂಗನ್ನು ಮುಟ್ಟಿಲ್ಲ, ಯಾರೂ ಮುಟ್ಟಬಾರದು.

ಮರುದಿನ ಅದೇ ರಸ್ತೆ, ಮಧ್ಯಮ ಹಂತ: 98ರಿಂದ 102. ಗಾಡಿ ನಿಲ್ಲಿಸಿ ಚಿಕ್ಕಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಮೇ 3. ವ್ಯಾಕ್ಯೂಮ್ ಸೋರಿಕೆ, ಬ್ರೇಕಿನ ತಪ್ಪು

ಜೋಕಾಲಿ ಹೋಯಿತು, ಇನ್ನೊಂದು ಉಳಿಯಿತು. ನೇರ ರಸ್ತೆಯಲ್ಲಿ ವೇಗ ಮೆಲ್ಲಗೆ ಎರಡು ಮೂರು ಕಿಲೋಮೀಟರು ಕುಸಿದು, ಸಣ್ಣದಾಗಿ ಎಳೆದು ಮೇಲೆ ಬರುತ್ತಿತ್ತು. ಸ್ನೇಹಿತರಿಂದ ಕೈ ವ್ಯಾಕ್ಯೂಮ್ ಪಂಪು ಎರವಲು ತಂದು ಆಕ್ಚುಯೇಟರಿಗೆ 20 ಇಂಚು (ವ್ಯಾಕ್ಯೂಮನ್ನು ಅಳೆಯುವ ಪಾದರಸದ ಇಂಚು) ಎಳೆದು ನಿಲ್ಲಿಸಿದೆ. ಒಂದು ನಿಮಿಷದಲ್ಲಿ 12ಕ್ಕೆ ಇಳಿಯಿತು. ಒಳಗಿನ ರಬ್ಬರ್ ಪರದೆ ಹರಿದಿದೆ ಎಂದು ಎದೆ ಧಸಕ್ಕೆಂದಿತು, ಆದರೆ ಸೋರುತ್ತಿದ್ದದ್ದು ಕಿಟ್ಟಿನ ಜೊತೆ ಬಂದ ಹಳೆಯ ಹೋಸಿನ ತುದಿ. ಬಾಗಿಸಿದರೆ ಬಿರುಕು ಕಾಣುತ್ತಿತ್ತು. ಹೊಸ ಹೋಸ್ ಹಾಕಿದ ಮೇಲೆ ಐದು ನಿಮಿಷಕ್ಕೆ ಒಂದೇ ಇಂಚು ಇಳಿಯಿತು.

ಹೋಸ್ ಬದಲಿಸುವಾಗ ನನ್ನ ಮಾರ್ಚ್ ತಿಂಗಳ ತಪ್ಪು ಕಣ್ಣಿಗೆ ಬಿತ್ತು. ಬೂಸ್ಟರಿನ ಹೋಸಿನಲ್ಲಿ ಒಮ್ಮುಖ ವಾಲ್ವ್ ಇರುತ್ತದೆ. ಪಂಪು ನಿಂತರೂ ಬೂಸ್ಟರಿನಲ್ಲಿ ಒಂದೆರಡು ಸಲ ಬ್ರೇಕ್ ಒತ್ತುವಷ್ಟು ವ್ಯಾಕ್ಯೂಮನ್ನು ಅದು ಉಳಿಸಿಕೊಳ್ಳುತ್ತದೆ. ನಾನು ಕವಲು ತೆಗೆದಿದ್ದು ಆ ವಾಲ್ವಿನ ಆಚೆ, ಬೂಸ್ಟರ್ ಕಡೆ. ಅಂದರೆ ಏಳು ವಾರ ಆ ಬಿರುಕು ಬಿಟ್ಟ ಹೋಸ್ ನನ್ನ ಬ್ರೇಕಿನ ಮೀಸಲನ್ನೇ ಸೋರಿಸುತ್ತಿತ್ತು. ಎಂಜಿನ್ ಆರಿಸಿದ ಐದು ನಿಮಿಷಕ್ಕೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತಿದ್ದುದನ್ನು ಗಮನಿಸಿದ್ದೆ, ಹಳೆಯ ಗಾಡಿ ಎಂದು ಸುಮ್ಮನಾಗಿದ್ದೆ. ಕುಟುಂಬವನ್ನು ಕೂರಿಸಿಕೊಂಡು ಹಾಗೆ ಓಡಿಸಿದ್ದೇನೆ.

ಕವಲನ್ನು ಪಂಪಿನ ಕಡೆಗೆ ಸರಿಸಿ, ಕ್ರೂಸಿನ ಕವಲಿಗೂ ಪ್ರತ್ಯೇಕ ಒಮ್ಮುಖ ವಾಲ್ವ್ ಹಾಕಿದೆ. ಪರೀಕ್ಷೆ: ಎಂಜಿನ್ ಆರಿಸಿ, ಕ್ರೂಸಿನ ಹೋಸ್ ಬಿಚ್ಚಿಟ್ಟು, ಅರ್ಧ ಗಂಟೆ ಬಿಟ್ಟು ಬ್ರೇಕ್ ಒತ್ತಿದೆ. ಎರಡು ಸಲ ಮೆತ್ತಗೆ ಇಳಿಯಿತು. ಈ ದಿನಚರಿಯಿಂದ ಒಂದೇ ಒಂದನ್ನು ಮಾಡಿ ನೋಡುವುದಾದರೆ ಈ ಪರೀಕ್ಷೆಯನ್ನು ಮಾಡಿ.

ಮೇ 10. ಏರು ಮತ್ತು ಇಳಿಜಾರು

ಅಡಿಲೇಡಿನ ಗ್ಲೆನ್ ಆಸ್ಮಂಡ್‌ನಿಂದ ಬೆಟ್ಟದ ಮೇಲಿನ ಕ್ರೇಫರ್ಸ್‌ವರೆಗಿನ ಉದ್ದದ ಏರು, ಹೇಸನ್ ಸುರಂಗದ ಮೂಲಕ. ಎಡ ಸಾಲಿನಲ್ಲಿ ನಾಲ್ಕನೇ ಗೇರಿನಲ್ಲಿ 80ಕ್ಕೆ ಇಟ್ಟೆ. ಕಡಿದಾದ ಕಡೆ 76ರವರೆಗೆ ಇಳಿಯಿತು, ಲಿವರ್ ಪೂರ್ತಿ ತೆರೆದೇ ಇತ್ತು. ಅದಕ್ಕಿಂತ ಹೆಚ್ಚು ಈ ಎಂಜಿನ್ನಿನಿಂದ ಕೇಳುವುದು ನ್ಯಾಯವಲ್ಲ. ಐದನೇ ಗೇರಿನಲ್ಲಿ ಇಟ್ಟರೆ ಕ್ರೂಸ್ ತಡವಾಗಿ ಸೋಲುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಏರು ಕಂಡಾಗ ನಾವೇ ಗೇರ್ ಇಳಿಸಬೇಕು.

ಗೇರ್ ಬದಲಿಸುವಾಗ ಒಂದು ಅಪಾಯವಿದೆ. ಪೆಟ್ರೋಲ್ ಗಾಡಿಯಲ್ಲಿ ಕಿಟ್ ಇಗ್ನಿಷನ್ ಕಾಯಿಲ್‌ನಿಂದ ಎಂಜಿನ್ ಸುತ್ತು ಎಣಿಸಿ, ಕ್ಲಚ್ ಒತ್ತಿದಾಗ ಸುತ್ತು ಜಿಗಿದರೆ ಬಿಟ್ಟುಬಿಡುತ್ತದೆ. ಡೀಸೆಲ್ಲಿಗೆ ಕಾಯಿಲ್ಲೇ ಇಲ್ಲ. ಹಾಗಾಗಿ ಕ್ಲಚ್ ಪೆಡಲಿಗೆ 13 ಡಾಲರಿನ ಸ್ವಿಚ್ ಹಾಕಿದೆ. ಕ್ಲಚ್ ಒಂದು ಬೆರಳಿನಷ್ಟು ಇಳಿದೊಡನೆ ಕ್ರೂಸ್ ಬಿಡುತ್ತದೆ.

ಇಳಿಜಾರಿನಲ್ಲಿ ಕ್ರೂಸನ್ನು ನಂಬುವಂತಿಲ್ಲ. ಅದು ಡೀಸೆಲ್ ಕಡಿಮೆ ಮಾಡಬಲ್ಲದು, ಬ್ರೇಕ್ ಹಾಕಲಾರದು. ಹಿಂದಿರುಗುವ ದಾರಿಯಲ್ಲಿ 80ಕ್ಕೆ ಇಟ್ಟದ್ದು ನೋಡನೋಡುತ್ತಿದ್ದಂತೆ 88 ಆಯಿತು. ಅಲ್ಲಿ ಕ್ರೂಸ್ ಆರಿಸಿ ಮೂರನೇ ಗೇರಿಗೆ ಬಂದೆ.

ಖರ್ಚು, ಆಸ್ಟ್ರೇಲಿಯನ್ ಡಾಲರಿನಲ್ಲಿ

ಕಿಟ್ 180. ಹೋಸ್, ಟಿ ಜೋಡಣೆ, ವಾಲ್ವ್ 34. ವ್ಯರ್ಥವಾದ ಡಬ್ಬಿ 25. ಅಯಸ್ಕಾಂತ, ಸ್ಟೀಲ್ ಕ್ಲಿಪ್ಪು 16. ರಿಲೇ 11. ಬುಷ್ 6. ತಗಡು, ಬೋಲ್ಟು 14. ಜಿಪಿಎಸ್ 45. ಕ್ಲಚ್ ಸ್ವಿಚ್ 13. ಒಟ್ಟು 344.

ಈಗಿನ ಸ್ಥಿತಿ

ನಿನ್ನೆ ಪೋರ್ಟ್ ಆಗಸ್ಟಾದಿಂದ ಬಂದೆ. ಪೋರ್ಟ್ ವೇಕ್‌ಫೀಲ್ಡ್‌ನಿಂದ ಈಚೆಗೆ ಸಮತಟ್ಟಿನಲ್ಲಿ 100ಕ್ಕೆ ಇಟ್ಟರೆ 99ರಿಂದ 101. ಸ್ನೋಟೌನ್ ಹತ್ತಿರ ಅಡ್ಡಗಾಳಿಯಲ್ಲಿ 98ಕ್ಕೆ ಇಳಿದು ಹಿಂತಿರುಗುತ್ತದೆ. ಐದು ಕಿಲೋಮೀಟರಿನ ಫಲಕಗಳ ನಡುವೆ ಮತ್ತೆ ಸ್ಟಾಪ್‌ವಾಚ್ ಹಿಡಿಸಿದೆ: 3 ನಿಮಿಷ, ಸರಿಯಾಗಿ. ಮಗಳು ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಉಳಿದಿರುವುದು ಎರಡು. ಕ್ಲಚ್ ಸ್ವಿಚ್ಚಿನ ಪಟ್ಟಿ ಅಲ್ಯೂಮಿನಿಯಮ್, ಈಗಲೇ ತುಸು ಬಾಗಿದೆ, ಕಬ್ಬಿಣದ್ದು ಮಾಡಬೇಕು. ಅಯಸ್ಕಾಂತದ ಕ್ಲಿಪ್ಪುಗಳನ್ನು ಐನೂರು ಕಿಲೋಮೀಟರಿಗೆ ಮತ್ತೆ ಬಿಗಿದು ನೋಡಬೇಕು. ಎರಡೂ ಬರುವ ಶನಿವಾರ.